ಕೇಳಿ, ಹೇಳ್ತೀನಿ: ಆರಿಸದಿದ್ದರೆ ಕೆಡಲ್ಲ

ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಗೂಢಲಿಪಿಗಳ ಬಗ್ಗೆ ಒಂದು ಪುಟ್ಟ ಉತ್ತರ ಬರೆದಿದ್ದೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್ ಎಂಬ ಬಂಗಲೆಯಲ್ಲಿ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಜರ್ಮನರ ಎನಿಗ್ಮಾ ಯಂತ್ರದ ಗುಟ್ಟನ್ನು ಗಣಿತಜ್ಞ ಆಲನ್ ಟ್ಯೂರಿಂಗ್ ಒಡೆದರು, ಅಷ್ಟೇ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೆ: ಗೂಢಲಿಪಿ ಒಡೆಯಲು ಅಲ್ಲಿದ್ದ ಕೊಲೋಸಸ್ ಎಂಬ ಕಂಪ್ಯೂಟರ್ ಯಂತ್ರವನ್ನು ಕಟ್ಟಿದ್ದು ಟ್ಯೂರಿಂಗ್ ಅಲ್ಲ, ಟೆಲಿಫೋನ್ ಇಲಾಖೆಯ ಒಬ್ಬ ಎಂಜಿನಿಯರ್ ಅಂತ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಉಳಿದ ಉತ್ತರಗಳಿಗೆಲ್ಲ ಸೇರಿಸಿದರೂ ಬಂದಿಲ್ಲ. ಬೈಗುಳವೂ ಇದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಹಾಗಲಕಾಯಿ ರಸದ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು.

ಎನಿಗ್ಮಾ ಒಡೆದದ್ದು ಟ್ಯೂರಿಂಗ್ ಅಂತ ಬರೆದಿದ್ದೀರಿ. ಪೋಲೆಂಡಿನವರ ಹೆಸರೇ ಇಲ್ಲ. ನೀವೂ ಸಿನಿಮಾ ನೋಡಿ ಇತಿಹಾಸ ಬರೆಯಲು ಶುರು ಮಾಡಿದಿರಾ?
– ನಿವೃತ್ತ ಪ್ರಾಧ್ಯಾಪಕರು, ಮೈಸೂರು

ತಪ್ಪಾಯಿತು ಸರ್. ಜಾಗ ಕಡಿಮೆ ಇತ್ತು ಅಂತ ನೆಪ ಹೇಳಬಹುದು, ಆದರೆ ನಿಜ ಹೇಳಬೇಕೆಂದರೆ ಬರೆಯುವಾಗ ಅವರ ನೆನಪೇ ಆಗಲಿಲ್ಲ. ಎಲ್ಲರಿಗೂ ಹಾಗೇ ಆಗುವುದು, ಅದಕ್ಕೇ ಅವರು ಹಿಂದೆ ಉಳಿದದ್ದು.

ಈಗ ಸರಿಯಾಗಿ ಬರೆಯುತ್ತೇನೆ. ಎನಿಗ್ಮಾದ ಒಳಗಿನ ವೈರಿಂಗನ್ನು ಮೊದಲು ಲೆಕ್ಕ ಹಾಕಿ ಹೊರಗೆ ತೆಗೆದವರು ಪೋಲೆಂಡಿನ ಮಾರಿಯಾನ್ ರೆಯೆವ್‌ಸ್ಕಿ, 1932ರ ಡಿಸೆಂಬರಿನಲ್ಲಿ. ಆಗ ಯುದ್ಧದ ಸುಳಿವೂ ಇರಲಿಲ್ಲ, ಟ್ಯೂರಿಂಗ್ ಇನ್ನೂ ಕಾಲೇಜು ಹುಡುಗ. ಫ್ರೆಂಚ್ ಗುಪ್ತಚರರು ಒಬ್ಬ ಜರ್ಮನ್ ನೌಕರನಿಗೆ ದುಡ್ಡು ಕೊಟ್ಟು ತರಿಸಿದ ಕೆಲವು ಕಾಗದಗಳು ರೆಯೆವ್‌ಸ್ಕಿ ಕೈಗೆ ಬಂದಿದ್ದವು, ಉಳಿದದ್ದೆಲ್ಲ ಗಣಿತ. ಜೊತೆಗೆ ಯೆರ್ಜಿ ರೂಜಿಟ್ಸ್ಕಿ, ಹೆನ್ರಿಕ್ ಜಿಗಾಲ್‌ಸ್ಕಿ ಇದ್ದರು. ಯುದ್ಧಕ್ಕೆ ಐದು ವಾರ ಇರುವಾಗ, 1939ರ ಜುಲೈನಲ್ಲಿ, ವಾರ್ಸಾ ಪಕ್ಕದ ಒಂದು ಕಾಡಿನಲ್ಲಿ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆದು ಗೊತ್ತಿದ್ದದ್ದನ್ನೆಲ್ಲ ಕೊಟ್ಟುಬಿಟ್ಟರು.

ಅಲ್ಲಿಗೆ ಹೋಗಿದ್ದ ಬ್ರಿಟಿಷರಲ್ಲಿ ಡಿಲ್ಲಿ ನಾಕ್ಸ್ ಎಂಬ ಹಿರಿಯರಿದ್ದರು. ಕೀಲಿಮಣೆಯ ಅಕ್ಷರಗಳಿಂದ ಒಳಗಿನ ಚಕ್ರಕ್ಕೆ ಹೋಗುವ ವೈರುಗಳು ಯಾವ ಕ್ರಮದಲ್ಲಿವೆ ಅನ್ನುವುದು ಅವರ ತಲೆ ತಿನ್ನುತ್ತಿತ್ತು. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಉತ್ತರ ಬಂತು: ಎ, ಬಿ, ಸಿ, ಡಿ. ಅಕಾರಾದಿ ಕ್ರಮ! ಜರ್ಮನರು ಇಷ್ಟು ಪೆದ್ದುತನ ಮಾಡಿರಲಿಕ್ಕಿಲ್ಲ ಅಂದುಕೊಂಡು ಇವರು ಆ ಕ್ರಮವನ್ನು ಗಂಭೀರವಾಗಿ ಹಿಡಿದಿರಲೇ ಇಲ್ಲ. ನಾಕ್ಸ್‌ಗೆ ಸಿಟ್ಟು ಬಂತಂತೆ. ಬರದೇ ಇರುತ್ತಾ?

ಇಷ್ಟು ಕೊಟ್ಟವರಿಗೆ ಆಮೇಲೆ ಏನಾಯಿತು? ರೂಜಿಟ್ಸ್ಕಿ 1942ರಲ್ಲಿ ಹಡಗು ಮುಳುಗಿ ತೀರಿಕೊಂಡರು. ಉಳಿದಿಬ್ಬರು ಹೇಗೋ ತಪ್ಪಿಸಿಕೊಂಡು 1943ರಲ್ಲಿ ಇಂಗ್ಲೆಂಡಿಗೆ ಬಂದರೆ, ಅವರನ್ನು ಬ್ಲೆಚ್ಲಿ ಪಾರ್ಕಿನ ಬಾಗಿಲಿಗೂ ಬಿಟ್ಟುಕೊಳ್ಳಲಿಲ್ಲ. ಬೇರೆ ಕಡೆ ಕೂರಿಸಿ ಕೈಯಿಂದ ಒಡೆಯುವ ಸಣ್ಣ ಸಂಕೇತಗಳನ್ನು ಕೊಟ್ಟರು. ರೆಯೆವ್‌ಸ್ಕಿ ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದರು. ಟ್ಯೂರಿಂಗ್ ಕೆಲಸ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಜರ್ಮನರು ಪದ್ಧತಿ ಬದಲಿಸಿದಾಗ ಪೋಲೆಂಡಿನವರ ದಾರಿ ಮುಚ್ಚಿಹೋಯಿತು, ಬೇರೆಯೇ ದಾರಿ ಹಿಡಿದು ಎನಿಗ್ಮಾ ಒಡೆಯುವ ‘ಬಾಂಬ್’ ಎಂಬ ಯಂತ್ರ ಯೋಚಿಸಿದ್ದು ಟ್ಯೂರಿಂಗ್, ಅದನ್ನು ಚುರುಕು ಮಾಡಿದ್ದು ಗಾರ್ಡನ್ ವೆಲ್ಚ್‌ಮನ್. ವೆಲ್ಚ್‌ಮನ್ ಹೆಸರು ಕೇಳಿದ್ದೀರಾ? ಅದೇ ನೋಡಿ.

ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅಮೆರಿಕದ ಎನಿಯಾಕ್ ಅಂತ ನಮ್ಮ ಲೆಕ್ಚರರ್ ಹೇಳಿದ್ದಾರೆ. ನೀವು ಕೊಲೋಸಸ್ ಅಂತೀರಿ. ಯಾವುದನ್ನು ಬರೆಯಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಪರೀಕ್ಷೆಯಲ್ಲಿ ಲೆಕ್ಚರರ್ ಹೇಳಿದ್ದನ್ನೇ ಬರೆಯಿರಿ, ಅಂಕ ಕೊಡುವವರು ಅವರು.

ಪರೀಕ್ಷೆಯ ಹೊರಗೆ ಉತ್ತರ ಅಷ್ಟು ಸಲೀಸಲ್ಲ. ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಜ಼ ಎಂಬಾತ 1941ರಲ್ಲೇ ಹೇಳಿದಂತೆ ಲೆಕ್ಕ ಮಾಡುವ ಯಂತ್ರ ಮಾಡಿದ್ದರು, ಆದರೆ ಅದು ಟಕಟಕ ಅನ್ನುವ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳದ್ದು, ಎಲೆಕ್ಟ್ರಾನಿಕ್ ಅಲ್ಲ, 1943ರ ಬಾಂಬ್ ದಾಳಿಯಲ್ಲಿ ನಾಶವೂ ಆಯಿತು. ಅಮೆರಿಕದ ಅಯೋವಾದಲ್ಲಿ ಅಟನಾಸಾಫ್ ಮತ್ತು ಬೆರ್ರಿ ವಾಲ್ವ್ (ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಬುರುಡೆ) ಹಾಕಿದ ಯಂತ್ರ ಮಾಡಿದ್ದರು, ಅದು ಒಂದೇ ಬಗೆಯ ಲೆಕ್ಕಕ್ಕೆ. ಕೊಲೋಸಸ್ 1943ರ ಡಿಸೆಂಬರಿನಲ್ಲಿ ಓಡಿತು. ದೊಡ್ಡ ಮಟ್ಟದಲ್ಲಿ ವಾಲ್ವ್ ಬಳಸಿದ, ಸ್ವಿಚ್ಚು ಪ್ಲಗ್ಗು ಬದಲಿಸಿ ಬೇರೆ ಬೇರೆ ಕೆಲಸಕ್ಕೆ ಹೊಂದಿಸಬಹುದಾದ ಮೊದಲ ಎಲೆಕ್ಟ್ರಾನಿಕ್ ಯಂತ್ರ ಅದು. ಆದರೆ ಅದು ಹುಟ್ಟಿದ್ದೇ ಗೂಢಲಿಪಿಗೆ. ನಿಮ್ಮ ಮನೆಯ ಬ್ಯಾಂಕ್ ಸಾಲದ ಬಡ್ಡಿಯನ್ನು ಅದರಲ್ಲಿ ಲೆಕ್ಕ ಹಾಕಿಸಲು ಹೋದರೆ ಒದ್ದಾಡಬೇಕಾಗುತ್ತಿತ್ತು. ಎನಿಯಾಕ್ ಯಾವ ಲೆಕ್ಕಕ್ಕಾದರೂ ಆಗುತ್ತಿತ್ತು, ಸುಮಾರು 18,000 ವಾಲ್ವ್ ಇದ್ದವು, 1946ರ ಫೆಬ್ರವರಿಯಲ್ಲಿ ಪತ್ರಿಕೆಯವರನ್ನು ಕರೆದು ತೋರಿಸಿದರು. ಪ್ರೋಗ್ರಾಮನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ಓಡಿಸಿದ್ದು ಮ್ಯಾಂಚೆಸ್ಟರಿನ ಒಂದು ಪುಟ್ಟ ಯಂತ್ರ, 1948ರ ಜೂನ್ 21ರಂದು.

ಇದರಲ್ಲಿ ಗಮನಿಸಬೇಕಾದದ್ದು ‘ಪತ್ರಿಕೆಯವರನ್ನು ಕರೆದು’ ಅನ್ನೋ ಮಾತು. ಅಮೆರಿಕದವರು ಊರಿಗೆಲ್ಲ ಡಂಗುರ ಸಾರಿದರು, ಬ್ರಿಟಿಷರು ಯಂತ್ರವನ್ನೇ ಬಿಚ್ಚಿ ಹಾಕಿದರು. ಪಠ್ಯಪುಸ್ತಕ ಡಂಗುರ ಕೇಳಿಸಿದ ಕಡೆಯಿಂದ ಬರೆದದ್ದು. ಅಂದಹಾಗೆ ಎನಿಯಾಕ್‌ಗೆ ಪ್ರೋಗ್ರಾಮ್ ಹಾಕಿದ್ದು 6 ಮಂದಿ ಹೆಂಗಸರು, ಡಂಗುರದಲ್ಲಿ ಅವರ ಹೆಸರೂ ಇರಲಿಲ್ಲ.

ಯಂತ್ರವನ್ನು ಕಣ್ಣಲ್ಲಿ ನೋಡದೆ ಅದರ ಒಳಗೆ ಎಷ್ಟು ಚಕ್ರ, ಯಾವ ಚಕ್ರಕ್ಕೆ ಎಷ್ಟು ಹಲ್ಲು ಅಂತ ಒಬ್ಬ ಹುಡುಗ ಹೇಳಿದನಂತೆ. ಮಕ್ಕಳಿಗೆ ಹೇಳೋಣ ಅಂತಿದ್ದೇನೆ, ಆದರೆ ನನಗೇ ನಂಬಿಕೆ ಬರುತ್ತಿಲ್ಲ.
– ಪ್ರೌಢಶಾಲೆಯ ಗಣಿತ ಮೇಷ್ಟ್ರು, ತುಮಕೂರು

ನಂಬಿ ಮೇಷ್ಟ್ರೇ. ನನಗೆ ಇಡೀ ಬ್ಲೆಚ್ಲಿ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಸ್ವಲ್ಪ ಉದ್ದವಾಗುತ್ತೆ.

ಹುಡುಗನ ಹೆಸರು ಬಿಲ್ ಟಟ್. ತೋಟಗಾರರೊಬ್ಬರ ಮಗ. ಕೇಂಬ್ರಿಜ್‌ಗೆ ಹೋದದ್ದು ಕೆಮಿಸ್ಟ್ರಿ ಓದಲು, ಒಲವು ಗಣಿತದ ಕಡೆ. 1941ರಲ್ಲಿ ಬ್ಲೆಚ್ಲಿಗೆ ಬಂದಾಗ 24 ವರ್ಷ.

ಎನಿಗ್ಮಾ ಸೈನ್ಯದ ದಿನನಿತ್ಯದ ಯಂತ್ರ. ಹಿಟ್ಲರ್ ಮತ್ತು ದೊಡ್ಡ ಸೇನಾಪತಿಗಳ ನಡುವಿನ ಮಾತಿಗೆ ಬೇರೆಯೇ ಯಂತ್ರ ಇತ್ತು, ಲೊರೆಂಜ್ ಕಂಪನಿಯದ್ದು. ಇದು ಟೆಲಿಪ್ರಿಂಟರಿಗೆ, ಅಂದರೆ ಟೈಪ್ ಮಾಡಿದ್ದನ್ನು ದೂರಕ್ಕೆ ಕಳಿಸುವ ಯಂತ್ರಕ್ಕೆ, ಜೋಡಿಸುವ ಪೆಟ್ಟಿಗೆ. ಟೆಲಿಪ್ರಿಂಟರಿನ ಕಾಗದದ ಟೇಪಿನಲ್ಲಿ ಒಂದೊಂದು ಅಕ್ಷರಕ್ಕೂ ಐದು ಜಾಗ, ಪ್ರತಿ ಜಾಗದಲ್ಲೂ ತೂತು ಇರುತ್ತೆ ಅಥವಾ ಇರಲ್ಲ. ಲೊರೆಂಜ್ ಯಂತ್ರ ಪ್ರತಿ ಅಕ್ಷರದ ಮೇಲೂ ತನ್ನದೊಂದು ಗುಟ್ಟಿನ ಅಕ್ಷರವನ್ನು ಕೂಡಿಸುತ್ತಿತ್ತು. ಕೂಡುವ ನಿಯಮ ಸುಲಭ: ಎರಡೂ ಒಂದೇ ಥರ ಇದ್ದರೆ ತೂತಿಲ್ಲ, ಬೇರೆ ಬೇರೆ ಇದ್ದರೆ ತೂತು. ಮಜಾ ಏನೆಂದರೆ ಅದೇ ಗುಟ್ಟಿನ ಅಕ್ಷರವನ್ನು ಇನ್ನೊಮ್ಮೆ ಕೂಡಿಸಿದರೆ ಅದು ಹೊರಟುಹೋಗಿ ಮೂಲ ಅಕ್ಷರ ವಾಪಸ್ ಬರುತ್ತೆ. ಮಕ್ಕಳಿಗೆ ಹಲಗೆಯ ಮೇಲೆ 0, 1 ಬರೆದು ತೋರಿಸಿ, ಐದು ನಿಮಿಷದಲ್ಲಿ ಹಿಡಿದುಬಿಡುತ್ತಾರೆ.

ಈಗ 1941ರ ಆಗಸ್ಟ್ 30. ಒಬ್ಬ ಜರ್ಮನ್ ಆಪರೇಟರ್ ಸುಮಾರು 4,000 ಅಕ್ಷರದ ಸಂದೇಶ ಕಳಿಸಿದ. ಆ ಕಡೆಯವನು ಸರಿಯಾಗಿ ಬರಲಿಲ್ಲ, ಮತ್ತೆ ಕಳಿಸು ಅಂದ. ಇವನಿಗೆ ತಲೆ ಕೆಟ್ಟಿರಬೇಕು. ಚಕ್ರಗಳನ್ನು ಮೊದಲು ಇಟ್ಟಿದ್ದ ಜಾಗಕ್ಕೇ ತಿರುಗಿಸಿ ಮತ್ತೆ ಟೈಪ್ ಮಾಡಿದ. ನಿಯಮದ ಪ್ರಕಾರ ಅದು ದೊಡ್ಡ ತಪ್ಪು. ಆದರೂ ಅಕ್ಷರಕ್ಕೆ ಅಕ್ಷರ ಹಾಗೇ ಹೊಡೆದಿದ್ದರೆ ಜರ್ಮನಿಗೆ ಏನೂ ಆಗುತ್ತಿರಲಿಲ್ಲ, ಎರಡೂ ಸಂದೇಶ ಒಂದೇ ಆಗಿರುತ್ತಿದ್ದವು, ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಎರಡನೇ ಸಲ ಸೋಮಾರಿತನ ಬಂತು. ‘ಸಂದೇಶ ಸಂಖ್ಯೆ’ ಎಂಬ ಅರ್ಥದ ಉದ್ದ ಪದವನ್ನು, ನಾವು ಸಂಖ್ಯೆಗೆ ‘ಸಂ.’ ಅಂತ ಹಾಕುವ ಹಾಗೆ, ಗಿಡ್ಡ ಮಾಡಿಬಿಟ್ಟ. ಅಲ್ಲಿಂದ ಮುಂದೆ ಎರಡು ಸಂದೇಶಗಳೂ ಒಂದಕ್ಕೊಂದು ಸರಿದುಕೊಂಡವು. ಗುಟ್ಟಿನ ಅಕ್ಷರಗಳು ಮಾತ್ರ ಎರಡಕ್ಕೂ ಅವೇ.

ಎರಡು ಸಂದೇಶಗಳನ್ನು ಕೂಡಿಸಿ. ಗುಟ್ಟು ಎರಡು ಸಲ ಬಂದದ್ದರಿಂದ ಅಳಿಸಿಹೋಯಿತು. ಉಳಿದದ್ದು ಎರಡು ಜರ್ಮನ್ ವಾಕ್ಯಗಳು ಒಂದರ ಮೇಲೊಂದು ಬಿದ್ದ ಕಲಸುಮೇಲೋಗರ. ಅದನ್ನು ಬಿಡಿಸಿದವರು ಜಾನ್ ಟಿಲ್ಟ್‌ಮನ್ ಎಂಬ ಸೇನಾಧಿಕಾರಿ. ಇವರು 1920ರ ದಶಕದಲ್ಲಿ ನಮ್ಮ ಸಿಮ್ಲಾದಲ್ಲಿ ಕೂತು ರಷ್ಯನ್ನರ ಸಂಕೇತ ಓದುತ್ತಿದ್ದವರು. ಒಂದು ಪದ ಊಹಿಸುವುದು, ಅದನ್ನು ಕೂಡಿಸಿದರೆ ಇನ್ನೊಂದರಲ್ಲಿ ಜರ್ಮನ್ನಿನಂಥದ್ದು ಏನಾದರೂ ಕಾಣುತ್ತಾ ನೋಡುವುದು. ಹತ್ತು ದಿನ ಹೀಗೇ ಕೆರೆದರು. ಎರಡೂ ಸಂದೇಶ ಸಿಕ್ಕವು. ಸಂದೇಶದಲ್ಲಿ ಏನಿತ್ತು ಅನ್ನುವುದು ಮುಖ್ಯವೇ ಅಲ್ಲ. ಸಂದೇಶ ಸಿಕ್ಕಿತು ಅಂದರೆ ಯಂತ್ರ ಉಗುಳಿದ 4,000 ಗುಟ್ಟಿನ ಅಕ್ಷರಗಳೂ ಸಿಕ್ಕವು ಅಂತ.

ಮೂರು ತಿಂಗಳು ಆ ಅಕ್ಷರಗಳನ್ನು ಯಾರು ಯಾರೋ ನೋಡಿದರು, ಏನೂ ಹೊಳೆಯಲಿಲ್ಲ. ಕೊನೆಗೆ ಟಟ್ ಕೈಗೆ ಕೊಟ್ಟು, ನೀನೊಂದು ಸಲ ನೋಡು ಅಂದರು. ಟಟ್ ಐದು ಜಾಗಗಳಲ್ಲಿ ಮೊದಲನೆಯದನ್ನು ಮಾತ್ರ ತೆಗೆದುಕೊಂಡರು. ತೂತಿದ್ದರೆ ಕತ್ತರಿ ಗುರುತು, ಇಲ್ಲದಿದ್ದರೆ ಚುಕ್ಕೆ. ಚೌಕುಳಿ ಕಾಗದದ ಮೇಲೆ ಸಾಲಾಗಿ ಬರೆಯುತ್ತ ಹೋದರು. ಸಾಲಿಗೆ ಎಷ್ಟು? ಚಕ್ರಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಸಲು ಸಂದೇಶಕ್ಕೆ ಮೊದಲು ಆಪರೇಟರುಗಳು 12 ಅಕ್ಷರ ಕಳಿಸುತ್ತಿದ್ದರು, ಅದರಲ್ಲಿ 11 ಜಾಗಗಳಲ್ಲಿ 25 ಅಕ್ಷರಗಳು, ಒಂದು ಜಾಗದಲ್ಲಿ ಮಾತ್ರ 23 ಅಕ್ಷರಗಳು ಬಳಕೆಯಲ್ಲಿದ್ದವು. ಇರಲಿ ನೋಡೋಣ ಅಂತ 25ನ್ನು 23ರಿಂದ ಗುಣಿಸಿ 575ರ ಸಾಲು ಮಾಡಿದರು. ಚಕ್ರ ಒಂದು ಸುತ್ತು ಮುಗಿಸಿ ಮತ್ತೆ ಶುರು ಮಾಡಿದರೆ ಮೇಲಿನ ಸಾಲಿನ ವಿನ್ಯಾಸವೇ ಕೆಳಗಿನ ಸಾಲಿನಲ್ಲೂ ಬರಬೇಕು, ಅಲ್ವಾ? ಬರಲಿಲ್ಲ. ಆದರೆ ಓರೆಯಾಗಿ, ಒಂದು ಮನೆ ಪಕ್ಕಕ್ಕೆ ಸರಿದು, ಬಂತು.

ಹಾಗಾದರೆ 575 ಅಲ್ಲ, 574. ಅದರ ಅಪವರ್ತನ ತೆಗೆಯಿರಿ ಮೇಷ್ಟ್ರೇ: 2, 7, 41. ಸಾಲಿಗೆ 41ರಂತೆ ಬರೆದರು. ಕಾಗದದ ತುಂಬಾ ವಿನ್ಯಾಸ ಎದ್ದು ಕಂಡಿತು. ಮೊದಲ ಚಕ್ರಕ್ಕೆ 41 ಹಲ್ಲು!

ಒಂದು ಎಳೆ ಸಿಕ್ಕ ಮೇಲೆ ಉಳಿದವರೂ ಸೇರಿಕೊಂಡರು. 1942ರ ಜನವರಿ ಹೊತ್ತಿಗೆ ಇಡೀ ಯಂತ್ರ ಕಾಗದದ ಮೇಲಿತ್ತು. ಒಟ್ಟು 12 ಚಕ್ರ, ಐದು ಒಂದು ಥರ, ಐದು ಇನ್ನೊಂದು ಥರ, ಎರಡು ಚಕ್ರ ಉಳಿದವನ್ನು ಓಡಿಸಲು, ಎಲ್ಲದರ ಹಲ್ಲುಗಳನ್ನು ಕೂಡಿದರೆ 501. ನಿಜವಾದ ಲೊರೆಂಜ್ ಯಂತ್ರವನ್ನು ಬ್ಲೆಚ್ಲಿಯವರು ನೋಡಿದ್ದು ಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ. ಜೊತೆಗೆ ಕೆಲಸ ಮಾಡುತ್ತಿದ್ದ ಜೆರ್ರಿ ರಾಬರ್ಟ್ಸ್ ಮುದುಕರಾದ ಮೇಲೆ ನೆನಪಿಸಿಕೊಂಡಿದ್ದಾರೆ: ಟಟ್ ಪೆನ್ಸಿಲ್ ತಿರುಗಿಸುತ್ತ ಎತ್ತಲೋ ನೋಡುತ್ತ ಕೂತಿರುತ್ತಿದ್ದರಂತೆ, ಈ ಮನುಷ್ಯ ಕೆಲಸ ಮಾಡುತ್ತಿದ್ದಾನೋ ಇಲ್ಲವೋ ಅಂತ ಇವರಿಗೆ ಅನುಮಾನವಂತೆ. ನಿಮ್ಮ ಕ್ಲಾಸಿನಲ್ಲಿ ಕಿಟಕಿ ಕಡೆ ನೋಡುವ ಹುಡುಗ ಇದ್ದಾನಾ?

ನಾನು ಟೆಲಿಫೋನ್ ಇಲಾಖೆಯಲ್ಲಿ 34 ವರ್ಷ ದುಡಿದವನು, ಅದರಲ್ಲಿ ಮೊದಲ 15 ವರ್ಷ ಸ್ಟ್ರೋಜರ್ ಎಕ್ಸ್‌ಚೇಂಜಿನಲ್ಲಿ. ನಮ್ಮವರೊಬ್ಬರು ಕಂಪ್ಯೂಟರ್ ಕಟ್ಟಿದರು ಅಂತ ಓದಿ ಎರಡು ಸಲ ಓದಿದೆ. ವಿವರವಾಗಿ ಬರೀರಿ.
– ನಿವೃತ್ತ ಟೆಲಿಫೋನ್ ನೌಕರರು, ಧಾರವಾಡ

‘ನಮ್ಮವರೊಬ್ಬರು’ ಅಂದಿರಲ್ಲ, ಅದು ಸರಿಯಾದ ಮಾತು ಸರ್. ನಮ್ಮ ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲಿ ತಯಾರಾದ ಸ್ಟ್ರೋಜರ್ ಸೆಲೆಕ್ಟರುಗಳ, ಅಂದರೆ ಕರೆ ಜೋಡಿಸುವ ಹಳೇ ಸ್ವಿಚ್ಚುಗಳ, ಸದ್ದು ನಿಮ್ಮ ಕಿವಿಯಲ್ಲಿ ಇನ್ನೂ ಇರಬಹುದು. ಈ ಕಥೆಯ ಮನುಷ್ಯ ಟಾಮಿ ಫ್ಲವರ್ಸ್, ಆ ಥರದ ಸ್ವಿಚ್ಚುಗಳ ನಡುವೆಯೇ ಬೆಳೆದವರು. ಲಂಡನ್ನಿನ ಪಾಪ್ಲರ್ ಬಡಾವಣೆಯಲ್ಲಿ ಒಬ್ಬ ಗಾರೆ ಕೆಲಸದವರ ಮಗನಾಗಿ 1905ರಲ್ಲಿ ಹುಟ್ಟಿದರು. ಹಗಲು ಅಪ್ರೆಂಟಿಸ್ ಕೆಲಸ, ಸಂಜೆ ಕ್ಲಾಸಿಗೆ ಹೋಗಿ ಡಿಗ್ರಿ. 1926ರಲ್ಲಿ ಅಂಚೆ ಇಲಾಖೆ ಸೇರಿದರು, ಅಲ್ಲಿ ಟೆಲಿಫೋನ್ ಅಂಚೆ ಇಲಾಖೆಯ ಕೈಯಲ್ಲೇ ಇತ್ತು, ನಮ್ಮ ಹಳೇ ಪಿ ಅಂಡ್ ಟಿ (ಅಂಚೆ ಮತ್ತು ತಂತಿ ಇಲಾಖೆ) ಇದ್ದ ಹಾಗೆ. ಡಾಲಿಸ್ ಹಿಲ್ ಸಂಶೋಧನಾ ಕೇಂದ್ರದಲ್ಲಿ ಅವರಿಗೆ ಒಂದೇ ಹುಚ್ಚು: ಎಕ್ಸ್‌ಚೇಂಜಿನ ರಿಲೇಗಳನ್ನು ತೆಗೆದು ಆ ಜಾಗಕ್ಕೆ ವಾಲ್ವ್ ಹಾಕಬೇಕು.

ಬ್ಲೆಚ್ಲಿಯಲ್ಲಿ ತೊಂದರೆ ಏನಾಗಿತ್ತು ಅಂದರೆ, ಲೊರೆಂಜ್ ಚಕ್ರಗಳು ಎಲ್ಲಿಂದ ಶುರುವಾಗಿವೆ ಅಂತ ಹುಡುಕಲು ಟಟ್ ಇನ್ನೊಂದು ಉಪಾಯ ಹೇಳಿದ್ದರು. ಮೊದಲ ಎರಡು ಚಕ್ರಗಳ ಎಲ್ಲ ಜೋಡಿಗಳನ್ನೂ ಒಂದೊಂದಾಗಿ ಹಿಡಿದು ಸಂದೇಶದ ಉದ್ದಕ್ಕೂ ಎಣಿಸಬೇಕು, ಎಣಿಕೆ ಎಲ್ಲಿ ಸ್ವಲ್ಪ ಜಾಸ್ತಿ ಬರುತ್ತೋ ಅದು ಸರಿಯಾದ ಜಾಗ ಇರಬಹುದು. ಒಂದಕ್ಕೆ 41 ಹಲ್ಲು, ಇನ್ನೊಂದಕ್ಕೆ 31, ಅಂದರೆ 1,271 ಜೋಡಿ. ಒಂದೊಂದಕ್ಕೂ ಸಾವಿರಾರು ಅಕ್ಷರ ಎಣಿಸಬೇಕು. ಮನುಷ್ಯರು ಕೂತರೆ ಯುದ್ಧವೇ ಮುಗಿದುಹೋಗುತ್ತೆ. ಇದನ್ನು ಯಂತ್ರದಿಂದ ಮಾಡಿಸಬೇಕು ಅಂದವರು ಮ್ಯಾಕ್ಸ್ ನ್ಯೂಮನ್, ಕೇಂಬ್ರಿಜ್‌ನಲ್ಲಿ ಟ್ಯೂರಿಂಗ್‌ಗೆ ಪಾಠ ಹೇಳಿದ ಮೇಷ್ಟ್ರು. ಅವರ ಮೊದಲ ಯಂತ್ರ 1943ರ ಜೂನ್‌ನಲ್ಲಿ ಬಂತು. ಎರಡು ಕಾಗದದ ಟೇಪುಗಳು, ಒಂದರಲ್ಲಿ ಸಂದೇಶ, ಇನ್ನೊಂದರಲ್ಲಿ ಚಕ್ರದ ವಿನ್ಯಾಸ, ಎರಡೂ ಒಂದೇ ಹೆಜ್ಜೆಯಲ್ಲಿ ಓಡಬೇಕು. ಓಡುತ್ತಿರಲಿಲ್ಲ. ಎಳೆದುಕೊಳ್ಳುತ್ತಿದ್ದವು, ಹರಿಯುತ್ತಿದ್ದವು. ವಿಚಿತ್ರ ಯಂತ್ರಗಳ ಚಿತ್ರ ಬಿಡಿಸುತ್ತಿದ್ದ ಹೀತ್ ರಾಬಿನ್ಸನ್ ಎಂಬ ವ್ಯಂಗ್ಯಚಿತ್ರಕಾರನ ಹೆಸರನ್ನೇ ಅದಕ್ಕೆ ಇಟ್ಟರು.

ಫ್ಲವರ್ಸ್ ಅವರನ್ನು ನ್ಯೂಮನ್‌ಗೆ ಪರಿಚಯಿಸಿದ್ದು ಟ್ಯೂರಿಂಗ್. ಫ್ಲವರ್ಸ್ ನೋಡಿ ಹೇಳಿದ್ದು ಇಷ್ಟು: ಎರಡನೇ ಟೇಪೇ ಯಾಕೆ ಬೇಕು? ಚಕ್ರದ ವಿನ್ಯಾಸವನ್ನು ವಾಲ್ವ್‌ಗಳಲ್ಲೇ ಹುಟ್ಟಿಸೋಣ. ಟೇಪ್ ಒಂದೇ ಆದರೆ ಹೆಜ್ಜೆ ತಪ್ಪುವ ಮಾತೇ ಇಲ್ಲ. ಎಷ್ಟು ವಾಲ್ವ್ ಬೇಕಾಗುತ್ತೆ? ಸಾವಿರದ ಮೇಲೆ.

ಬ್ಲೆಚ್ಲಿಯವರಿಗೆ ನಗು ಬಂದಿರಬೇಕು. ವಾಲ್ವ್ ರೇಡಿಯೋ ಇಟ್ಟುಕೊಂಡವರಿಗೆಲ್ಲ ಗೊತ್ತು, ಐದಾರು ವಾಲ್ವ್ ಇರುವ ಪೆಟ್ಟಿಗೆಯೇ ವರ್ಷಕ್ಕೊಮ್ಮೆ ಕೈಕೊಡುತ್ತೆ. ಸಾವಿರ ಇದ್ದರೆ ದಿನಾ ಒಂದಲ್ಲ ಒಂದು ಸುಟ್ಟು ಕೂರುತ್ತೆ, ಯಂತ್ರ ಓಡುವುದು ಯಾವಾಗ? ಲೆಕ್ಕ ಸರಿಯಾಗೇ ಇತ್ತು. ಆದರೆ ಫ್ಲವರ್ಸ್‌ಗೆ ಎಕ್ಸ್‌ಚೇಂಜಿನಿಂದ ಗೊತ್ತಿದ್ದ ಒಂದು ಸಂಗತಿ ಇವರಿಗೆ ಗೊತ್ತಿರಲಿಲ್ಲ. ವಾಲ್ವ್ ಹೆಚ್ಚಾಗಿ ಕೆಡುವುದು ಹಾಕಿ ಆರಿಸಿ ಹಾಕಿ ಆರಿಸಿ ಮಾಡುವುದರಿಂದ, ಒಳಗಿನ ತಂತಿ ಕಾದು ತಣ್ಣಗಾಗಿ ಕಾದು ಸೋಲುತ್ತೆ. ರೇಡಿಯೋವನ್ನು ನಾವು ದಿನಕ್ಕೆ ನಾಲ್ಕು ಸಲ ಆರಿಸುತ್ತೇವೆ. ಎಕ್ಸ್‌ಚೇಂಜನ್ನು ಯಾರಾದರೂ ರಾತ್ರಿ ಆರಿಸಿ ಮಲಗುತ್ತಾರಾ? ಒಮ್ಮೆ ಹಾಕಿ, ಮತ್ತೆ ಮುಟ್ಟಬೇಡಿ, ಕೆಡಲ್ಲ. ಇದು ಪುಸ್ತಕದ ಜ್ಞಾನ ಅಲ್ಲ, ಡ್ಯೂಟಿ ಮಾಡಿದವರ ಜ್ಞಾನ, ನಿಮಗೆ ನಾನು ಹೇಳಬೇಕಾಗಿಲ್ಲ. ಗಣಿತದ ಅಷ್ಟು ದೊಡ್ಡ ತಲೆಗಳು ಸೇರಿದ್ದ ಜಾಗದಲ್ಲಿ ಕಂಪ್ಯೂಟರ್ ಹುಟ್ಟಲು ಬೇಕಾದ ಮಾತು ಬಂದದ್ದು ಟೆಲಿಫೋನ್ ಇಲಾಖೆಯಿಂದ.

ಬ್ಲೆಚ್ಲಿಯವರು ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ, ಬೇಕಾದರೆ ಮಾಡಿಕೊ ಅನ್ನುವಂತೆ ಇದ್ದರು. ಡಾಲಿಸ್ ಹಿಲ್ಲಿನ ಮೇಲಧಿಕಾರಿ ಬೆನ್ನಿಗೆ ನಿಂತರು. ಫ್ಲವರ್ಸ್ ತಮ್ಮ ಸ್ವಂತ ದುಡ್ಡನ್ನೂ ಹಾಕಿದರು. ಹೀತ್ ರಾಬಿನ್ಸನ್ ಇನ್ನೂ ತಯಾರಾಗುತ್ತಿದ್ದಾಗಲೇ, 1943ರ ಫೆಬ್ರವರಿಯಲ್ಲಿ, ಶುರು ಮಾಡಿ ಹಗಲು ರಾತ್ರಿ ದುಡಿದು 11 ತಿಂಗಳಲ್ಲಿ ಯಂತ್ರ ನಿಲ್ಲಿಸಿದರು, ಸುಮಾರು 1,600 ವಾಲ್ವ್. 1944ರ ಜನವರಿಯಲ್ಲಿ ಬ್ಲೆಚ್ಲಿಗೆ ಸಾಗಿಸಿದರು, ಫೆಬ್ರವರಿ 5ರಿಂದ ಅದು ನಿಜವಾದ ಸಂದೇಶಗಳಿಗೆ ಕೈ ಹಾಕಿತು. ಸೆಕೆಂಡಿಗೆ 5,000 ಅಕ್ಷರ ಓದುತ್ತಿತ್ತು, ಅಂದರೆ ಕಾಗದದ ಟೇಪ್ ಗಂಟೆಗೆ ಹೆಚ್ಚುಕಡಿಮೆ 45 ಕಿಲೋಮೀಟರ್ ವೇಗದಲ್ಲಿ ರಾಟೆಗಳ ಮೇಲೆ ಸುತ್ತುತ್ತಿತ್ತು. ಇನ್ನೂ ಎಷ್ಟು ಓಡಬಹುದು ಅಂತ ಒಮ್ಮೆ ಪರೀಕ್ಷೆ ಮಾಡಿದರು. 9,700ಕ್ಕೆ ಬಂದಾಗ ಟೇಪ್ ಚಿಂದಿ ಚಿಂದಿ.

ನಗುತ್ತಿದ್ದವರು ಈಗ ಇನ್ನಷ್ಟು ಬೇಕು ಅಂದರು, ಅದೂ ಜೂನ್ 1ರೊಳಗೆ. ಎರಡನೇ ಮಾದರಿಯಲ್ಲಿ 2,400 ವಾಲ್ವ್, ವೇಗ ಐದು ಪಟ್ಟು. ಮೇ 31ರ ರಾತ್ರಿ ಅದು ಇನ್ನೂ ಸತಾಯಿಸುತ್ತಿತ್ತು. ಸುಸ್ತಾಗಿ ಎಲ್ಲರೂ ಹೋದ ಮೇಲೆ ಫ್ಲವರ್ಸ್ ಅವರ ಸಹೋದ್ಯೋಗಿ ಬಿಲ್ ಚಾಂಡ್ಲರ್ ಒಬ್ಬರೇ ಕೂತು ಬೆಳಗಿನ ಜಾವದಲ್ಲಿ ತೊಡಕು ಬಿಡಿಸಿದರು. ಜೂನ್ 1ರ ಬೆಳಗ್ಗೆ ಯಂತ್ರ ಓಡುತ್ತಿತ್ತು. ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಇಳಿಯಿತು. ಯುದ್ಧ ಮುಗಿಯುವಾಗ ಹತ್ತು ಕೊಲೋಸಸ್ ಕೆಲಸ ಮಾಡುತ್ತಿದ್ದವು.

ಆಮೇಲಿನದ್ದು ಬರೆಯಲು ಬೇಜಾರು. ಎರಡನ್ನು ಉಳಿಸಿಕೊಂಡು ಎಂಟನ್ನು ಬಿಚ್ಚಿದರು. ನಕ್ಷೆ, ಕಾಗದ ಎಲ್ಲ ಸುಡು ಅಂತ ಫ್ಲವರ್ಸ್‌ಗೇ ಹೇಳಿದರು, ಅವರು ಡಾಲಿಸ್ ಹಿಲ್ಲಿನ ಬಾಯ್ಲರ್ ಒಲೆಗೆ ತಮ್ಮ ಕೈಯಾರೆ ಹಾಕಿದರು. ಸರ್ಕಾರ 1,000 ಪೌಂಡ್ ಕೊಟ್ಟಿತು. ಹಾಕಿದ ಸ್ವಂತ ದುಡ್ಡಿಗೂ ಸಾಲದ ಆ ಹಣವನ್ನು ಅವರು ತಮ್ಮ ಜೊತೆ ದುಡಿದವರಿಗೆಲ್ಲ ಹಂಚಿದರು. ಆಮೇಲೆ ಅಂಥದ್ದೇ ಯಂತ್ರ ಕಟ್ಟಲು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಸಾಲ ಕೇಳಿದರೆ, ಇಂಥ ಯಂತ್ರ ಕೆಲಸ ಮಾಡುತ್ತೆ ಅಂತ ನಂಬಿಕೆ ಇಲ್ಲ ಅಂದರಂತೆ. ಮಾಡಿ ತೋರಿಸಿದ್ದೇನೆ ಸ್ವಾಮಿ ಅನ್ನುವ ಹಾಗಿಲ್ಲ, ಗುಟ್ಟಿನ ಕಾನೂನು. ಮತ್ತೆ ಎಕ್ಸ್‌ಚೇಂಜಿಗೇ ಮರಳಿದರು. ಕೊಲೋಸಸ್ ಎಂಬುದೊಂದು ಇತ್ತು ಅಂತ ಜನಕ್ಕೆ ಗೊತ್ತಾಗಲು 1970ರ ದಶಕ ಬರಬೇಕಾಯಿತು, ಅಷ್ಟರಲ್ಲಿ ಕಂಪ್ಯೂಟರ್ ಇತಿಹಾಸದ ಮೊದಲ ಪುಟಗಳಲ್ಲಿ ಬೇರೆಯವರ ಹೆಸರು ಅಚ್ಚಾಗಿತ್ತು.

ಇಷ್ಟೆಲ್ಲ ಗಂಡಸರ ಕಥೆಯೇ ಆಯಿತಲ್ಲ. ಹೆಂಗಸರು ಇರಲಿಲ್ಲವೇ?
– ಗೃಹಿಣಿ, ಶಿವಮೊಗ್ಗ

ಮುಕ್ಕಾಲು ಪಾಲು ಹೆಂಗಸರೇ ಅಮ್ಮ. 1945ರ ಆರಂಭದಲ್ಲಿ ಬ್ಲೆಚ್ಲಿಯ ಕೆಲಸದಲ್ಲಿ ಸುಮಾರು 9,000 ಜನ ಇದ್ದರು. ಕೊಲೋಸಸ್ ಇದ್ದ ವಿಭಾಗದಲ್ಲೇ ಕೊನೆಗೆ 27 ಗಂಡಸರು, 272 ಹೆಂಗಸರು, ನೌಕಾಪಡೆಯ ಮಹಿಳಾ ದಳದವರು. ಟೇಪ್ ಅಂಟಿಸುವುದು, ಏರಿಸುವುದು, ಸ್ವಿಚ್ ಇಡುವುದು, ಎಣಿಕೆ ಓದುವುದು ಎಲ್ಲ ಅವರದ್ದು, ಮೂರು ಪಾಳಿಯಲ್ಲಿ.

ಟೇಪ್ ಓಡಿಸುವುದಷ್ಟೇ ಅಲ್ಲ. ಜೋನ್ ಕ್ಲಾರ್ಕ್ ಟ್ಯೂರಿಂಗ್ ಪಕ್ಕದಲ್ಲೇ ಕೂತು ಜರ್ಮನ್ ನೌಕಾಪಡೆಯ ಎನಿಗ್ಮಾ ಒಡೆಯುತ್ತಿದ್ದ ಗಣಿತಜ್ಞೆ. ಹೆಂಗಸರಿಗೆ ಆ ದರ್ಜೆಯ ಹುದ್ದೆಯೇ ಇರಲಿಲ್ಲವಾದ್ದರಿಂದ ಸಂಬಳ ಏರಿಸಲು ಅವರನ್ನು ‘ಭಾಷಾತಜ್ಞೆ’ ಅಂತ ಮಾಡಿದರು. ಅರ್ಜಿಯಲ್ಲಿ ಅವರು ಖುಷಿಯಿಂದ ತುಂಬುತ್ತಿದ್ದರಂತೆ: ದರ್ಜೆ – ಭಾಷಾತಜ್ಞೆ, ಬರುವ ಭಾಷೆಗಳು – ಯಾವುದೂ ಇಲ್ಲ.

ಇನ್ನೊಬ್ಬರು ಮೇವಿಸ್ ಲೀವರ್, ಸೇರಿದಾಗ 19 ವರ್ಷ, ಡಿಲ್ಲಿ ನಾಕ್ಸ್ ಅವರ ಗುಂಪಿನಲ್ಲಿ. ಒಂದು ದಿನ ಉದ್ದದ ಇಟಾಲಿಯನ್ ಸಂದೇಶ ನೋಡುತ್ತಿದ್ದರು. ಏನೋ ಕಮ್ಮಿ ಇದೆ ಅನಿಸಿತು. ಹುಡುಕಿದರೆ ‘ಎಲ್’ ಅಕ್ಷರ ಒಂದೂ ಇಲ್ಲ. ಎನಿಗ್ಮಾದ ಒಂದು ದೌರ್ಬಲ್ಯ ಏನೆಂದರೆ ಅದು ಯಾವ ಅಕ್ಷರವನ್ನೂ ಅದೇ ಅಕ್ಷರವಾಗಿ ಬದಲಿಸಲ್ಲ. ಅಂದರೆ? ಪರೀಕ್ಷೆಗೆ ಒಂದು ಸುಳ್ಳು ಸಂದೇಶ ಕಳಿಸು ಅಂತ ಹೇಳಿದಾಗ ಆಪರೇಟರ್ ಮಹಾಶಯ ಸಿಗರೇಟು ಸೇದುತ್ತಲೋ ಏನೋ ‘ಎಲ್’ ಒಂದನ್ನೇ ಒತ್ತುತ್ತ ಕೂತಿದ್ದ! ಮೂಲ ಸಂದೇಶವೇ ಸಿಕ್ಕ ಮೇಲೆ ಚಕ್ರದ ವೈರಿಂಗ್ ಹೊರಬಂತು. ಇದನ್ನು ಹಿಡಿಯಲು ಮನೆಯಲ್ಲಿ ಅಕ್ಕಿ ಆರಿಸಿದವರ ಕಣ್ಣು ಬೇಕು ಅಂತ ನನಗನಿಸುತ್ತೆ. ಇರುವ ಕಲ್ಲು ಎಲ್ಲರಿಗೂ ಕಾಣುತ್ತೆ, ಇಲ್ಲದ್ದು ಕಾಣುವುದು ಕಷ್ಟ.

ಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲೂ ಇಂಥ ಕೆಲಸ ನಡೆದಿತ್ತು ಅಂತ ಅಜ್ಜ ಹೇಳುತ್ತಿದ್ದರು. ನಿಜವೇ?
– ಪಿಯುಸಿ ವಿದ್ಯಾರ್ಥಿನಿ, ಬೆಂಗಳೂರು

ಅಜ್ಜ ಹೇಳಿದ್ದು ನಿಜ. ದಿಲ್ಲಿಯ ಆನಂದ್ ಪರ್ಬತ್‌ನಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಅಂತ ಒಂದಿತ್ತು. ಹೆಸರು ಕೇಳಿದರೆ ರೇಡಿಯೋ ರಿಪೇರಿ ಕಲಿಸುವ ಜಾಗ ಅನಿಸಬೇಕು, ಇಟ್ಟದ್ದೂ ಅದಕ್ಕೇ. ಒಳಗೆ ನಡೆಯುತ್ತಿದ್ದದ್ದು ಜಪಾನೀಯರ ಸಂದೇಶ ಹಿಡಿದು ಒಡೆಯುವ ಕೆಲಸ. ಅದರ ಎರಡು ಉಪಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿ, ಇನ್ನೊಂದು ಕೊಲ್ಕತ್ತಾ ಹತ್ತಿರದ ಬ್ಯಾರಕ್‌ಪುರದಲ್ಲಿ. ಜಪಾನ್ ಸೇನೆಯ ಹಡಗು ಸಾಗಣೆಯ ಸಂಕೇತ 1943ರಲ್ಲಿ ಒಡೆದಾಗ ಅದರಲ್ಲಿ ದಿಲ್ಲಿಯ ಪಾಲು ದೊಡ್ಡದು. ಒಡೆದವರಲ್ಲಿ ಒಬ್ಬರು ವಿಲ್ಫ್ರಿಡ್ ನಾಯ್ಸ್, ಹತ್ತು ವರ್ಷದ ನಂತರ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಹತ್ತಿದ ತಂಡದಲ್ಲೂ ಇದ್ದರು.

ಕೊಲೋಸಸ್ ಈಗ ಎಲ್ಲಾದರೂ ನೋಡಲು ಸಿಗುತ್ತಾ? ಅದು ದೊಡ್ಡದಾ ನನ್ನ ಅಣ್ಣನ ಲ್ಯಾಪ್‌ಟಾಪ್ ದೊಡ್ಡದಾ?
– 8ನೇ ತರಗತಿ, ಕೊಪ್ಪಳ

ಬ್ಲೆಚ್ಲಿ ಪಾರ್ಕಿನ ಆವರಣದಲ್ಲೇ ಇರುವ ಕಂಪ್ಯೂಟರ್ ಮ್ಯೂಸಿಯಮ್ಮಿನಲ್ಲಿ ಇದೆ ಪುಟ್ಟಿ, ಆದರೆ ಹಳೆಯದಲ್ಲ, ಮತ್ತೆ ಕಟ್ಟಿದ್ದು. ಟೋನಿ ಸೇಲ್ ಎಂಬ ಎಂಜಿನಿಯರ್ ಕೆಲವೇ ಫೋಟೋಗಳನ್ನೂ, ಹಳೇ ಎಂಜಿನಿಯರುಗಳು ನಿಯಮ ಮುರಿದು ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದ ನಕ್ಷೆಯ ಚೂರುಗಳನ್ನೂ ಇಟ್ಟುಕೊಂಡು 1993ರಲ್ಲಿ ಶುರು ಮಾಡಿ 2007ರಲ್ಲಿ ಮುಗಿಸಿದರು. ಗಾತ್ರದಲ್ಲಿ ಅದು ಒಂದು ಕೋಣೆ ತುಂಬುತ್ತೆ. ವೇಗದಲ್ಲಿ ನಿನ್ನ ಅಣ್ಣನದ್ದೇ ಮುಂದೆ. 2007ರಲ್ಲಿ ಒಂದು ಪಂದ್ಯವೂ ನಡೆಯಿತು. ಲೊರೆಂಜ್ ಸಂದೇಶ ಯಾರು ಮೊದಲು ಒಡೆಯುತ್ತಾರೆ ಅಂತ. ಜರ್ಮನಿಯವರೊಬ್ಬರು ಲ್ಯಾಪ್‌ಟಾಪಿನಲ್ಲಿ ಒಂದು ನಿಮಿಷದೊಳಗೆ ಮುಗಿಸಿದರು, ಮುದಿ ಕೊಲೋಸಸ್ ಮೂರೂವರೆ ಗಂಟೆ ತೆಗೆದುಕೊಂಡಿತು.

ಟೋನಿ ಸೇಲ್ ಕೆಲಸ ಶುರು ಮಾಡಿದ ಅದೇ 1993ರಲ್ಲಿ, ಲಂಡನ್ನಿನ ಹೆಂಡನ್ ಕಾಲೇಜಿನಲ್ಲಿ 87 ವರ್ಷದ ಒಬ್ಬ ತಾತ ಕಂಪ್ಯೂಟರ್ ಬಳಸುವ ಆರಂಭಿಕ ಕೋರ್ಸಿಗೆ ಸೇರಿದ್ದರು. ಪಾಸಾದರು, ಸರ್ಟಿಫಿಕೇಟ್ ಕೊಟ್ಟರು. ಸರ್ಟಿಫಿಕೇಟಿನ ಮೇಲಿದ್ದ ಹೆಸರು ಟಾಮಿ ಫ್ಲವರ್ಸ್.